ಸಂಶೋಧನೆಗೆ ಸರ್ಕಾರದ ಹಣ: ಅರ್ಜಿ ಹಾಕದೆ ಉಳಿದವರಿಗೆ ಕೆಲವು ಮಾತು

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಅಧ್ಯಾಪಕರು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿ ವೇತನದ ಬಗ್ಗೆ ನಮ್ಮ ಸಭೆಗಳಲ್ಲಿ ಪ್ರತಿವರ್ಷ ಮಾತಾಗುತ್ತದೆ. ಯಾವ ಅರ್ಜಿಗೆ ಯಾವ ಪ್ರಮಾಣಪತ್ರ ಬೇಕು, ಕೊನೆಯ ದಿನಾಂಕ ಯಾವುದು ಎಂಬುದನ್ನು ನಮ್ಮ ಸಂಘದ ಕಾರ್ಯಕರ್ತರು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಅದೇ ವಿದ್ಯಾರ್ಥಿ ಓದಿ, ಪಿಎಚ್.ಡಿ. ಮುಗಿಸಿ, ಒಂದು ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಅಧ್ಯಾಪಕನಾದ ಮೇಲೆ ಸರ್ಕಾರದಿಂದ ಏನನ್ನು ಕೇಳಬಹುದು ಎಂಬ ಬಗ್ಗೆ ನಾವು ಮಾತನಾಡಿದ್ದೇ ಇಲ್ಲ. ನೌಕರಿ ಸಿಕ್ಕಿತು, ಇನ್ನೇನು ಬೇಕು ಎಂಬ ಭಾವನೆ ಇರಬಹುದು. ಇಂದು ನನಗೆ ವಹಿಸಿಕೊಟ್ಟ ವಿಷಯ ಅದೇ: ಸಂಶೋಧನೆಗೆ ಸರ್ಕಾರ ಕೊಡುವ ಸ್ಪರ್ಧಾತ್ಮಕ ಅನುದಾನ, ಅದಕ್ಕೆ ಅರ್ಜಿ ಹಾಕುವ ಬಗೆ.

ಮೊದಲು ಈ ಹಣ ಎಲ್ಲಿದೆ ಎಂದು ನೋಡೋಣ. 2008ರ ಕಾಯಿದೆಯ ಮೂಲಕ ಕೇಂದ್ರ ಸರ್ಕಾರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯನ್ನು, ಅಂದರೆ ಎಸ್‌ಇಆರ್‌ಬಿಯನ್ನು ಸ್ಥಾಪಿಸಿತು. 2023ರಲ್ಲಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯಿದೆ 2024ರ ಫೆಬ್ರವರಿಯಲ್ಲಿ ಜಾರಿಯಾದಾಗ ಆ ಮಂಡಳಿ ಹೊಸ ಪ್ರತಿಷ್ಠಾನದಲ್ಲಿ ವಿಲೀನವಾಯಿತು. ಇದನ್ನೇ ಎಎನ್‌ಆರ್‌ಎಫ್ ಎನ್ನುತ್ತಾರೆ. 2023ರಿಂದ 2028ರವರೆಗಿನ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಇದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದ 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ ಮತ್ತಿತರ ಮೂಲಗಳಿಂದ ಬರಬೇಕೆಂಬ ಲೆಕ್ಕ. ಬರಬೇಕೆಂಬುದು ಬೇರೆ, ಬರುವುದು ಬೇರೆ. ಆ ಚರ್ಚೆಯನ್ನು ಅರ್ಥಶಾಸ್ತ್ರದವರಿಗೆ ಬಿಡುತ್ತೇನೆ. ಸಮಾಜ ವಿಜ್ಞಾನದವರಿಗೆ 1969ರಲ್ಲಿ ಆರಂಭವಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಐಸಿಎಸ್‌ಎಸ್‌ಆರ್ ಇದೆ. ಇದರ ದಕ್ಷಿಣ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಇತಿಹಾಸದವರಿಗೆ 1972ರ ಐಸಿಎಚ್‌ಆರ್ ಇದೆ. ನಮ್ಮ ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಕಾಲೇಜುಗಳ ಪ್ರಯೋಗಾಲಯಗಳಿಗೂ ಅಧ್ಯಾಪಕರಿಗೂ ನೆರವು ನೀಡುತ್ತ ಬಂದಿದೆ. ಯುಜಿಸಿ 2022ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಹೊಸದಾಗಿ ನೇಮಕವಾದ ಅಧ್ಯಾಪಕರಿಗೆ ಡಿ.ಎಸ್. ಕೊಠಾರಿ ಹೆಸರಿನಲ್ಲಿ 10 ಲಕ್ಷ ರೂಪಾಯಿಯ ಅನುದಾನ ಪ್ರಕಟಿಸಿತು.

ಹಣ ಸಾಕಷ್ಟಿದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು ಎಂದು 2020-21ರ ಸರ್ಕಾರಿ ಅಂಕಿಅಂಶವೇ ಹೇಳಿತ್ತು. ಇದು ಸಣ್ಣ ಕೆರೆ. ಆದರೆ ಈ ಸಣ್ಣ ಕೆರೆಗೂ ನಮ್ಮವರು ಬಿಂದಿಗೆ ಒಯ್ಯುವುದಿಲ್ಲ. ಹೊಸ ಪ್ರತಿಷ್ಠಾನದ ಮಸೂದೆ ಚರ್ಚೆಯಲ್ಲಿದ್ದಾಗ ಸರ್ಕಾರದ ಕಡೆಯಿಂದಲೇ ಒಂದು ಲೆಕ್ಕ ಹೊರಬಿತ್ತು: ಎಸ್‌ಇಆರ್‌ಬಿಯ ಮುಖ್ಯ ಸಂಶೋಧನಾ ಅನುದಾನದ ಸುಮಾರು ಶೇ. 65 ಭಾಗ ಐಐಟಿಗಳಿಗೆ ಹೋಗುತ್ತಿತ್ತು, ದೇಶದ ಎಲ್ಲ ರಾಜ್ಯ ವಿಶ್ವವಿದ್ಯಾಲಯಗಳಿಗೂ ಸೇರಿ ಸಿಗುತ್ತಿದ್ದುದು ಸುಮಾರು ಶೇ. 11. ನಮ್ಮ ಸಮಾಜದ ಅಧ್ಯಾಪಕರಲ್ಲಿ ಹೆಚ್ಚಿನವರು ಇರುವುದು ಎಲ್ಲಿ? ರಾಜ್ಯ ವಿಶ್ವವಿದ್ಯಾಲಯಗಳಲ್ಲಿ, ಅವುಗಳ ಅಡಿಯ ಪದವಿ ಕಾಲೇಜುಗಳಲ್ಲಿ. ಆ ಹನ್ನೊಂದರಲ್ಲಿ ನಮ್ಮ ಪಾಲು ಎಷ್ಟೆಂದು ನೀವೇ ಊಹಿಸಿಕೊಳ್ಳಿ.

ನಾನು ಕೆಲವು ವರ್ಷ ಇಂಥ ಪ್ರಸ್ತಾವನೆಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ ಮಾಡಿದ್ದೇನೆ. ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಒಂದು ಅರ್ಜಿ ಬಂದರೆ ಅಂದು ನನಗೆ ಹಬ್ಬ. ಅಷ್ಟು ಅಪರೂಪ. ನಮ್ಮವರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ಒಂದು, ವಾರಕ್ಕೆ ಹದಿನಾರು ಗಂಟೆ ಪಾಠ, ಅದರ ಮೇಲೆ ಪರೀಕ್ಷೆ, ನ್ಯಾಕ್, ಚುನಾವಣೆ ಕೆಲಸ, ಸಮಯ ಎಲ್ಲಿದೆ? ಇದು ನಿಜವಾದ ಉತ್ತರ. ಎರಡು, ನಮಗೆ ಯಾರು ಗೊತ್ತು ಸಾರ್, ವಶೀಲಿ ಬೇಕು. ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: ಹೆಸರು ನೋಡಿಯೇ ಪಕ್ಕಕ್ಕಿಡುತ್ತಾರೆ. ಪೂರ್ವಗ್ರಹ ಎಲ್ಲೂ ಇಲ್ಲ ಎಂದು ಪ್ರಮಾಣ ಮಾಡಲು ನಾನು ಸಿದ್ಧನಿಲ್ಲ. ಆದರೆ ನಾನು ಕೂತ ಸಭೆಗಳಲ್ಲಿ ಅರ್ಜಿಗಳು ಬಿದ್ದುಹೋದದ್ದು ಬಹುಪಾಲು ಪ್ರಶ್ನೆ ಸ್ಪಷ್ಟವಿಲ್ಲದ್ದರಿಂದ, ಲೆಕ್ಕ ತಾಳೆಯಾಗದ್ದರಿಂದ, ಒಂದು ಸಹಿ ಇಲ್ಲದ್ದರಿಂದ. ಹಾಕದೇ ಇರುವ ಅರ್ಜಿಯನ್ನು ತಳ್ಳಿಹಾಕಲು ಯಾರ ಪೂರ್ವಗ್ರಹವೂ ಬೇಕಾಗಿಲ್ಲ.

ಇದರಲ್ಲಿ ವಿದ್ಯಾರ್ಥಿಗಳ ಪಾಲು ಏನು ಎಂದು ಹಿಂದಿನ ಸಾಲಿನಲ್ಲಿ ಕೂತವರು ಯೋಚಿಸುತ್ತಿರಬಹುದು. ಬಹಳ ಇದೆ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಿಂದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಇತ್ತು. 2022-23ರಿಂದ ಅದನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಲಾಯಿತು. ಬೇರೆ ಯೋಜನೆಗಳ ಜೊತೆ ಇದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಆ ಬಾಗಿಲು ಮುಚ್ಚಿದ ಮೇಲೆ ನಮ್ಮ ಮಕ್ಕಳಿಗೆ ಉಳಿದ ದಾರಿಗಳಲ್ಲಿ ಒಂದು, ಅನುದಾನ ಪಡೆದ ಅಧ್ಯಾಪಕರ ಯೋಜನೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋ ಆಗಿ ಸೇರುವುದು. 2023ರ ಜನವರಿ 1ರಿಂದ ಜಾರಿಯಾದ ದರದಂತೆ ನೆಟ್ ಅಥವಾ ಗೇಟ್ ಅರ್ಹತೆ ಇರುವ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ ಎಸ್‌ಆರ್‌ಎಫ್ ಆದರೆ 42,000. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಆ ಹುದ್ದೆಗೆ ಎಲ್ಲ ಸಮುದಾಯದವರೂ ಸ್ಪರ್ಧಿಸುತ್ತಾರೆ, ಯೋಗ್ಯರನ್ನೇ ಆರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ಅಂಥ ಹುದ್ದೆ ಒಂದು ಹುಟ್ಟಿಕೊಂಡರೆ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಮಾಡಲಾಗದ ಒಬ್ಬ ಹುಡುಗಿಗೆ ಮನೆಯಲ್ಲಿದ್ದುಕೊಂಡೇ ಸಂಬಳದ ಜೊತೆ ಪಿಎಚ್.ಡಿ. ಮಾಡುವ ಅವಕಾಶ ಬರುತ್ತದೆ. ಒಬ್ಬ ಅಧ್ಯಾಪಕ ಅರ್ಜಿ ಹಾಕಲು ಸೋಮಾರಿಯಾದರೆ ಆ ಹುದ್ದೆ ಹುಟ್ಟುವುದೇ ಇಲ್ಲ.

ಈಗ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಬರಿದೇ ನಿಯಮ ಹೇಳಿದರೆ ಊಟದ ಹೊತ್ತಿಗೆ ಮರೆತುಹೋಗುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ.

ನೀವು ಕೋಲಾರ ಜಿಲ್ಲೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. "ಕೋಲಾರ ಜಿಲ್ಲೆಯ ಅಂತರ್ಜಲದ ಗುಣಮಟ್ಟ: ಒಂದು ಅಧ್ಯಯನ" ಎಂದು ಪ್ರಸ್ತಾವನೆ ಬರೆಯುತ್ತೀರಿ. ಇದನ್ನು ಓದುವವನಿಗೆ ಆಗುವುದೇನು? ಇಂಥದ್ದೇ ಶೀರ್ಷಿಕೆಯನ್ನು ಅವನು ಬೇರೆ ಬೇರೆ ಜಿಲ್ಲೆಗಳ ಹೆಸರಿನಲ್ಲಿ ಆಗಲೇ ಐದಾರು ಓದಿರುತ್ತಾನೆ. ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಕೋಲಾರದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿರುವುದನ್ನು ಮತ್ತೊಮ್ಮೆ ಅಳೆಯಲು ಸರ್ಕಾರ ಯಾಕೆ ಹಣ ಕೊಡಬೇಕು?

ಅದೇ ನೀರು, ಅದೇ ಜಿಲ್ಲೆ, ಆದರೆ ಪ್ರಶ್ನೆ ಬದಲಿಸಿ. 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್, ಮೊದಲ ಹಂತದ ಪಟ್ಟಿಯಲ್ಲಿ 137 ಕೆರೆಗಳು. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ತುಂಬಿದವು, ಸುತ್ತಲ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು, ರೈತರು ಸಂತೋಷಪಟ್ಟರು. ನೀರು ಎಂಥದ್ದು ಎಂಬ ವಾದವೂ ಜೊತೆಯಲ್ಲೇ ಎದ್ದಿತು, ನ್ಯಾಯಾಲಯದವರೆಗೂ ಹೋಯಿತು. ಈಗ ನಿಮ್ಮ ಪ್ರಶ್ನೆ: ತುಂಬಿದ ಕೆರೆಗಳ ಸುತ್ತಲ ಕೊಳವೆಬಾವಿಗಳಲ್ಲಿ ಹೊಸ ನೀರು ಬೆರೆತು ಫ್ಲೋರೈಡ್ ಕಡಿಮೆಯಾಗಿದೆಯೇ? ಅದೇ ಹೊತ್ತಿನಲ್ಲಿ ನೈಟ್ರೇಟ್ ಹೆಚ್ಚಿದೆಯೇ? ಇದಕ್ಕೆ ಉತ್ತರ ಹೌದೂ ಆಗಬಹುದು, ಇಲ್ಲವೂ ಆಗಬಹುದು. ಎರಡರಲ್ಲಿ ಯಾವುದಾದರೂ ಜಿಲ್ಲಾಡಳಿತಕ್ಕೂ ಕುಡಿಯುವವರಿಗೂ ಬೇಕಾದದ್ದೇ. ಅಳೆಯಲು ಮಾನದಂಡವೂ ಇದೆ: ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿ ಇಟ್ಟಿದೆ. ನೈಟ್ರೇಟಿಗೆ 45 ಮಿಲಿಗ್ರಾಂ.

ಪ್ರಶ್ನೆ ಸರಿಯಾದರೆ ವಿಧಾನ ತಾನಾಗಿಯೇ ಬರುತ್ತದೆ. ತುಂಬಿದ ಕೆರೆಗಳ ಸುತ್ತ 30 ಕೊಳವೆಬಾವಿ, ತುಂಬಿಸದ ಕೆರೆಗಳ ಸುತ್ತ ಹೋಲಿಕೆಗಾಗಿ 30. ಈ ಎರಡನೆಯ ಮೂವತ್ತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಬದಲಾವಣೆ ಕೆರೆ ನೀರಿನಿಂದ ಆಯಿತೋ ಆ ವರ್ಷ ಮಳೆ ಚೆನ್ನಾಗಿ ಆದದ್ದರಿಂದ ಆಯಿತೋ ಹೇಳಲು ಬರುವುದಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಮೂರು ವರ್ಷ: 60 ಬಾವಿ, 6 ಸುತ್ತು, ಒಟ್ಟು 360 ಮಾದರಿ. 2018ಕ್ಕಿಂತ ಹಿಂದಿನ ಸ್ಥಿತಿಗೆ ಕೇಂದ್ರೀಯ ಅಂತರ್ಜಲ ಮಂಡಳಿಯ ಹಳೆಯ ದಾಖಲೆ. ಓದುವವನಿಗೆ ತಕ್ಷಣ ತಿಳಿಯುತ್ತದೆ, ಇವರು ಮಾಡಬಲ್ಲರು ಎಂದು. ಇನ್ನೊಂದು ಮಾತು: ಈ ಪ್ರಶ್ನೆಯನ್ನು ದೆಹಲಿಯ ಐಐಟಿಯವರಿಗಿಂತ ನೀವು ಚೆನ್ನಾಗಿ ಮಾಡಬಲ್ಲಿರಿ. ಬಾವಿಯ ಮಾಲೀಕರು ನಿಮಗೆ ಗೊತ್ತು, ಯಾವ ಕೆರೆ ಯಾವಾಗ ತುಂಬಿತು ಎಂದು ನಿಮ್ಮ ವಿದ್ಯಾರ್ಥಿಗಳ ಮನೆಯಲ್ಲೇ ಹೇಳುತ್ತಾರೆ. ಅದನ್ನು ಸಂಕೋಚವಿಲ್ಲದೆ ಪ್ರಸ್ತಾವನೆಯಲ್ಲಿ ಬರೆಯಿರಿ.

ಸಮಾಜ ವಿಜ್ಞಾನದವರೂ ಹೀಗೆಯೇ ಯೋಚಿಸಬಹುದು. "ರಾಮನಗರದ ರೇಷ್ಮೆ ಕಾರ್ಮಿಕರ ಸಾಮಾಜಿಕ ಆರ್ಥಿಕ ಸ್ಥಿತಿಗತಿ" ಎನ್ನುವ ಬದಲು, ನೂಲು ಬಿಚ್ಚಾಣಿಕೆಯಲ್ಲಿ ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಚರಕ ಮತ್ತು ಕಾಟೇಜ್ ಬೇಸಿನ್‌ಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರು ಎಲ್ಲಿಗೆ ಹೋದರು ಎಂದು ಕೇಳಿ. ಅಲ್ಲಿನ ಬಿಚ್ಚಾಣಿಕೆದಾರರಲ್ಲಿ, ಕೂಲಿಗಳಲ್ಲಿ ನಮ್ಮವರು ಎಷ್ಟಿದ್ದಾರೆಂದು ನಿಮಗೆ ಗೊತ್ತೇ ಇದೆ. ಅವರ ಮಾತು ನಿಮಗೆ ದುಭಾಷಿ ಇಲ್ಲದೆ ಅರ್ಥವಾಗುತ್ತದೆ ಎಂಬುದೇ ಒಂದು ಅರ್ಹತೆ.

ಭಾಷೆಯ ಮಾತು ಬಂತು. ಅರ್ಜಿ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ, ಉರ್ದು ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿಯೇ ಎಡವುತ್ತಾರೆ. ಕಷ್ಟದ ಶಬ್ದಗಳನ್ನು ಪೇರಿಸುತ್ತಾರೆ. ನನ್ನ ಸಲಹೆ ಇಷ್ಟೆ: ಮನೆಯಲ್ಲಿ ನೀವು ಬ್ಯಾರಿ ಮಾತಾಡಿ, ದಖನಿ ಮಾತಾಡಿ, ಕನ್ನಡ ಮಾತಾಡಿ, ಮೊದಲ ಕರಡನ್ನು ಆ ಭಾಷೆಯಲ್ಲಿಯೇ ಒಂದು ಪುಟದಲ್ಲಿ ಬರೆಯಿರಿ. ಏನು ಗೊತ್ತಿಲ್ಲ, ಅದನ್ನು ಹೇಗೆ ತಿಳಿಯುತ್ತೀರಿ, ತಿಳಿದರೆ ಯಾರಿಗೆ ಉಪಯೋಗ. ಆ ಪುಟವನ್ನು ಬೇರೆ ವಿಭಾಗದ ಗೆಳೆಯನಿಗೆ ಓದಿಸಿ. ಅವನಿಗೆ ತಿಳಿದರೆ ಇಂಗ್ಲಿಷಿಗೆ ತನ್ನಿ. ಅಂತರ್ಜಾಲದಿಂದ ಎತ್ತಿ ತಂದು ಅಂಟಿಸಬೇಡಿ. ಕೃತಿಚೌರ್ಯ ಪತ್ತೆ ಹಚ್ಚುವ ತಂತ್ರಾಂಶ ಎಲ್ಲರ ಬಳಿಯೂ ಇದೆ. ಈಚೆಗೆ ಯಂತ್ರವೇ ಬರೆದುಕೊಟ್ಟ ಪ್ರಸ್ತಾವನೆಗಳೂ ಬರುತ್ತಿವೆ. ವ್ಯಾಕರಣ ಚೊಕ್ಕ, ಒಳಗೆ ಒಂದು ಬಾವಿಯ ಹೆಸರೂ ಇರುವುದಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಇಲ್ಲಿ ನಮ್ಮವರಲ್ಲಿ ಎರಡು ಕಾಯಿಲೆ. ಕೆಲವರು ಸಂಕೋಚದಿಂದ ಕಡಿಮೆ ಕೇಳುತ್ತಾರೆ, ಕೆಲವರು ಹೇಗೂ ಕತ್ತರಿಸುತ್ತಾರೆಂದು ದುಪ್ಪಟ್ಟು ಕೇಳುತ್ತಾರೆ. ಓದುವವನು ಎರಡನ್ನೂ ಹಿಡಿಯುತ್ತಾನೆ. ನಮ್ಮ ಕೋಲಾರದ ಯೋಜನೆ ಮೂರು ವರ್ಷಕ್ಕೆ 30 ಲಕ್ಷದ್ದು ಎಂದಿಟ್ಟುಕೊಳ್ಳಿ. ಒಬ್ಬ ಸಂಶೋಧನಾ ಸಹಾಯಕನಿಗೆ ಎರಡು ವರ್ಷ 37,000ದಂತೆ 8,88,000, ಮೂರನೆಯ ವರ್ಷ 42,000ದಂತೆ 5,04,000. ಒಟ್ಟು 13,92,000. ಮನೆ ಬಾಡಿಗೆ ಭತ್ಯೆ ಸೇರಿದರೆ ಅರ್ಧ ಹಣ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಪ್ರವಾಸ, ರಾಸಾಯನಿಕ, ಬಾಟಲಿ, ಉಪಕರಣ. ಇಬ್ಬರು ಸಹಾಯಕರನ್ನೂ ದೊಡ್ಡ ಯಂತ್ರವನ್ನೂ ಒಟ್ಟಿಗೆ ಬರೆದರೆ ಕೂಡುವುದೇ ಇಲ್ಲ.

ಯಂತ್ರದ ಆಸೆ ನಮ್ಮಲ್ಲಿ ವಿಪರೀತ. ಕಾಲೇಜಿಗೆ ಒಂದು ಆಸ್ತಿಯಾಗಲಿ ಎಂದು ಪ್ರಾಂಶುಪಾಲರೇ ಒತ್ತಾಯಿಸುತ್ತಾರೆ. ಬಂದ ಯಂತ್ರ ನಡೆಸಲು ಜನವಿಲ್ಲದೆ, ಹವಾನಿಯಂತ್ರಣವಿಲ್ಲದೆ, ಎರಡನೇ ವರ್ಷಕ್ಕೆ ಬಟ್ಟೆ ಹೊದ್ದು ಕೂರುತ್ತದೆ. ಫ್ಲೋರೈಡ್ ಅಳೆಯಲು ಮೇಜಿನ ಮೇಲಿಡುವ ಅಯಾನು ಎಲೆಕ್ಟ್ರೋಡ್ ಮೀಟರ್ ಸಾಕು. ಭಾರಲೋಹಗಳನ್ನು ನೋಡಬೇಕೆಂದರೆ ಮಾದರಿಗಳನ್ನು ಬೇರೆ ಕಡೆ ಕಳಿಸಿ, ಶುಲ್ಕ ಕಟ್ಟಿ, ಆ ಶುಲ್ಕವನ್ನು ಅಂದಾಜಿನಲ್ಲಿ ತೋರಿಸಿ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ತೋರಿಸುವ ಐ-ಸ್ಟೆಮ್ ಎಂಬ ಪೋರ್ಟಲನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟಿಸಲಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರೂ ಬಳಸಬಹುದಾದ ಅತ್ಯಾಧುನಿಕ ವಿಶ್ಲೇಷಣಾ ಉಪಕರಣಗಳ ಕೇಂದ್ರ ಇದೆ. ಉಪಕರಣ ಕೊಳ್ಳಲೇಬೇಕಾದರೆ ಈಚಿನ ದರಪಟ್ಟಿ ಲಗತ್ತಿಸಿ, ಜಿಎಸ್‌ಟಿ ಸೇರಿಸಿ. 2022ರ ಜುಲೈವರೆಗೆ ಸಂಶೋಧನಾ ಸಂಸ್ಥೆಗಳಿಗೆ ಶೇ. 5ರ ರಿಯಾಯಿತಿ ದರ ಇತ್ತು, ಆಮೇಲೆ ತೆಗೆದರು. ಹಳೆಯ ಪ್ರಸ್ತಾವನೆಯ ಲೆಕ್ಕವನ್ನೇ ನಕಲು ಮಾಡಿದವರು ಮೀಟರ್ ಕೊಳ್ಳುವಾಗ ಕೈಯಿಂದ ಹಾಕಬೇಕಾಗುತ್ತದೆ.

ಕಾಗದಪತ್ರದ ಕೆಲಸವನ್ನು ಕೊನೆಗೆ ಬಿಡಬೇಡಿ. ಅರ್ಜಿಯ ಕರೆ ಬಂದಾಗ ಸಿಗುವ ಕಾಲಾವಕಾಶ ಹೆಚ್ಚಿರುವುದಿಲ್ಲ. ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕೇ ಬೇಕು. ನನಗೆ ತಿಳಿದ ಒಬ್ಬ ಅಧ್ಯಾಪಕಿ ಎರಡು ತಿಂಗಳು ಕೂತು ಒಳ್ಳೆಯ ಪ್ರಸ್ತಾವನೆ ಬರೆದರು. ಒಪ್ಪಿಗೆ ಪತ್ರದ ಕಡತ ಕಚೇರಿಯ ಮೇಜಿನಿಂದ ಮೇಜಿಗೆ ಹೋಗಿ ಸಹಿಯಾಗಿ ಹಿಂದಿರುಗಿದ್ದು ಕೊನೆಯ ದಿನಾಂಕ ಕಳೆದು ನಾಲ್ಕು ದಿನದ ಮೇಲೆ. ಆಕೆ ಮರುವರ್ಷ ಅದೇ ಪ್ರಸ್ತಾವನೆಯನ್ನು ತಿದ್ದಿ ಹಾಕಿದರು, ಆಯ್ಕೆಯಾಯಿತು. ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಆದ್ದರಿಂದ ಕರೆ ಬರುವ ಮೊದಲೇ ಪ್ರಸ್ತಾವನೆ ಸಿದ್ಧವಿರಲಿ, ಕರೆ ಬಂದ ದಿನವೇ ಸಹಿಯ ಕಡತ ಹೊರಡಲಿ. ನಮ್ಮ ಸಂಘದ ಆಡಳಿತದಲ್ಲಿರುವ ಕಾಲೇಜುಗಳ ಕಾರ್ಯದರ್ಶಿಗಳು ಇಲ್ಲಿದ್ದಾರೆ. ತಾವು ಮನಸ್ಸು ಮಾಡಿದರೆ ಆ ಸಹಿ ಒಂದು ದಿನದ ಕೆಲಸ. ಅನುದಾನ ಬಂದ ಅಧ್ಯಾಪಕರಿಗೆ ವಾರಕ್ಕೆ ನಾಲ್ಕು ಗಂಟೆ ಪಾಠ ಕಡಿಮೆ ಮಾಡುವುದೂ ತಮ್ಮ ಕೈಯಲ್ಲೇ ಇದೆ.

ಯಾರು ಅರ್ಜಿ ಹಾಕಬಹುದು ಎಂಬಲ್ಲಿ ಒಂದು ಕಹಿ ಸಂಗತಿ ಇದೆ. ಸಾಮಾನ್ಯವಾಗಿ ಕಾಯಂ ಹುದ್ದೆಯಲ್ಲಿರುವವರಿಗೆ ಮಾತ್ರ ಅವಕಾಶ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದುಕೊಂಡು ಬಂದಿವೆ. ಅವರಲ್ಲಿ ಪಿಎಚ್.ಡಿ. ಆದವರು ಎಷ್ಟೋ ಜನ. ಅವರಿಗೆ ಈ ಬಾಗಿಲು ತೆರೆದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಸಂಘಗಳು ಸರ್ಕಾರದ ಮುಂದೆ ಎತ್ತಬೇಕಾದ ವಿಷಯ. ಕಾಯಂ ಅಧ್ಯಾಪಕರು ಒಳ್ಳೆಯ ಅತಿಥಿ ಉಪನ್ಯಾಸಕರನ್ನು ಯೋಜನೆಯ ಹುದ್ದೆಗೆ ಅರ್ಜಿ ಹಾಕುವಂತೆ ಪ್ರೇರೇಪಿಸಬಹುದು. ಮದುವೆ, ಮಕ್ಕಳು ಎಂದು ನಡುವೆ ಓದು ಬಿಟ್ಟ ಸಹೋದರಿಯರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳನ್ನು ಗಮನಿಸಿ, ಅವು ಮಹಿಳೆಯರಿಗಾಗಿಯೇ ಇರುವಂಥವು. ರಾಜ್ಯ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿರುವವರಿಗೆಂದೇ ಎಸ್‌ಇಆರ್‌ಬಿ ಕಾಲದಲ್ಲಿ ಶ್ಯೂರ್ ಮತ್ತು ಟೇರ್ ಎಂಬ ಯೋಜನೆಗಳು ಬಂದವು. ಟೇರ್‌ನಲ್ಲಿ ನಮ್ಮಂಥ ಕಾಲೇಜಿನ ಅಧ್ಯಾಪಕರು ತಮ್ಮ ಕೆಲಸದಲ್ಲಿದ್ದುಕೊಂಡೇ ವರ್ಷದ ಕೆಲವು ತಿಂಗಳು ದೊಡ್ಡ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಏರ್ಪಾಡು. ಎಎನ್‌ಆರ್‌ಎಫ್ ಬಂದ ಮೇಲೆ ಯೋಜನೆಗಳ ಹೆಸರು, ನಿಯಮ ಬದಲಾಗುತ್ತಿವೆ. ಹಳೆಯ ಹೆಸರು ಹಿಡಿದು ಕೂರದೆ ಅವರ ಪೋರ್ಟಲನ್ನು ತಿಂಗಳಿಗೊಮ್ಮೆಯಾದರೂ ನೋಡಿ.

ತಿರಸ್ಕಾರ ಬಂದೇ ಬರುತ್ತದೆ. ಬರುವ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗುವಂಥವೇ, ಐಐಟಿಯವರದ್ದೂ ಸೇರಿ. ಅದರ ಜೊತೆ ಪರಿಶೀಲಕರ ಟಿಪ್ಪಣಿ ಬಂದಿದ್ದರೆ ಮೊದಲ ದಿನ ಓದಬೇಡಿ, ಸಿಟ್ಟು ಬರುತ್ತದೆ. ಒಂದು ವಾರ ಬಿಟ್ಟು ಓದಿ. "ಹೋಲಿಕೆಯ ಗುಂಪು ಇಲ್ಲ" ಎಂದು ಬರೆದಿದ್ದರೆ ಆ ಪುಣ್ಯಾತ್ಮ ನಿಮ್ಮ ಅರ್ಜಿಯನ್ನು ಕೊನೆಯ ಪುಟದವರೆಗೆ ಓದಿದ್ದಾನೆ ಎಂದು ತಿಳಿಯಿರಿ. ಕೆಲವರು ಓದದೆಯೂ ಬರೆಯುತ್ತಾರೆ, ಅದೂ ಉಂಟು. ತಿದ್ದಿ ಮತ್ತೆ ಕಳಿಸಿ.

ಅನುದಾನ ಬಂದ ಮೇಲಿನ ಕಷ್ಟ ಬೇರೆಯೇ. ಖರೀದಿಗೆ ಸಾಮಾನ್ಯ ಹಣಕಾಸು ನಿಯಮಗಳು, ಜೆಮ್ ಪೋರ್ಟಲ್ ಎಂದೆಲ್ಲ ಇವೆ. 2025ರ ಜೂನ್‌ನಲ್ಲಿ ಸಂಶೋಧನಾ ಖರೀದಿಗೆ ಕೆಲವು ಸಡಿಲಿಕೆ ಬಂದದ್ದು ಸಮಾಧಾನದ ವಿಷಯ. ಪ್ರತಿ ಹಣಕಾಸು ವರ್ಷದ ಕೊನೆಗೆ ಹಣ ಬಳಕೆಯ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ, 12-ಎ ಎಂಬುದರಲ್ಲಿ, ಕಳಿಸಬೇಕು. ಇದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ, ನಿಮ್ಮ ಸಹಾಯಕ ಹುಡುಗನಿಗೆ ಸಂಬಳ ನಿಲ್ಲುತ್ತದೆ. ಕಂತು ತಡವಾಗಿ ಬರುವುದಂತೂ ಮಾಮೂಲು. ಪ್ರತಿ ರಸೀದಿಯನ್ನೂ ಬಂದ ದಿನವೇ ಅಂಟಿಸಿಡಿ, ಕಾಲೇಜಿನ ಲೆಕ್ಕದ ಗುಮಾಸ್ತರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಅವರ ಹೆಸರನ್ನು ಅಂತಿಮ ವರದಿಯ ಕೃತಜ್ಞತೆಯಲ್ಲಿ ಹಾಕಿ. ಅದನ್ನು ಯಾರೂ ಮಾಡುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದು ಪುಟದ ಕರಡು ತಂದಿರುವ ಅಧ್ಯಾಪಕರು ಊಟವಾದ ಮೇಲೆ ಗ್ರಂಥಾಲಯದ ಕೊಠಡಿಗೆ ಬನ್ನಿ, ಸಂಜೆಯವರೆಗೆ ಕೂರುತ್ತೇನೆ. ತರದವರು ಮುಂದಿನ ತಿಂಗಳ ಮೊದಲ ಭಾನುವಾರ ಇದೇ ಕೊಠಡಿಗೆ ತನ್ನಿ. ವಿದ್ಯಾರ್ಥಿಗಳೂ ಬರಬಹುದು, ಪ್ರಶ್ನೆ ಕೇಳಲು ಅವರಿಗೆ ಕರಡು ಬೇಕಾಗಿಲ್ಲ.